ಮಡಚದೆ ಹಚ್ಚಿದ ಯಾದಿ

ನನ್ನ ಅಕ್ಷರ ಚಂದ ಎಂದು ಮೊದಲು ಹೊಗಳಿದವರು ಯಾರೋ, ಅವರು ಈಗ ಸಿಕ್ಕರೆ ಒಂದಿಷ್ಟು ಬೈಯಬೇಕಾಗಿದೆ. ಬಹುಶಃ ಹುಮನಾಬಾದಿನಲ್ಲಿ ನಾನು ಕಲಿತ ಶಾಲೆಯ ಮಾಸ್ತರರೇ ಇರಬೇಕು. ಪಾಟಿಯ ಮೇಲೆ ನಾನು ಬರೆದದ್ದನ್ನು ಎತ್ತಿ ಹಿಡಿದು ಇಡೀ ವರ್ಗಕ್ಕೆ ತೋರಿಸಿ, "ನೋಡ್ರಿ, ಹಿಂಗ ಬರೀಬೇಕು" ಎಂದಿದ್ದರು. ಅವತ್ತು ತಲೆಗೇರಿದ್ದು ಇಪ್ಪತ್ತೈದು ವರ್ಷ ಇಳಿಯಲಿಲ್ಲ. ಇಳಿಯುವ ಹೊತ್ತಿಗೆ ಒಂದು ಮನೆ ಊರು ಬಿಟ್ಟಿತ್ತು.

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಒಂದು ಹಳ್ಳಿಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಒಮ್ಮೆ ಬರೆದಾಗಿದೆ, ಆದದ್ದು ಸಾಕು.

ತೊಂಬತ್ತರ ದಶಕದಲ್ಲಿ ನಾನು ಬಸವಕಲ್ಯಾಣದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಮನೆ ಹುಮನಾಬಾದಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು, ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದ ಹತ್ತಿರ ತಿರುಗಿ ಕಲ್ಯಾಣಕ್ಕೆ ಹೋಗುತ್ತಿದ್ದೆ. ಸೀಟು ಸಿಕ್ಕರೆ ಪುಣ್ಯ, ಸಿಗದಿದ್ದರೆ ತೊಗರಿ ಚೀಲದ ಮೇಲೆ ಕೂತುಕೊಳ್ಳುವುದು. ಪಡಿತರ ಚೀಟಿಗಳ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಂಪ್ಯೂಟರು ಇನ್ನೂ ನಮ್ಮ ಕಡೆ ಮುಖ ಹಾಕದ ಕಾಲ. ಚೀಟಿಗಳ ಪರಿಷ್ಕರಣೆ ಬಂತೆಂದರೆ ಓಣಿ ಓಣಿಯ ಮನೆಗಳನ್ನು ಅಗಲವಾದ ಹಾಳೆಗಳ ಮೇಲೆ ಕೈಯಲ್ಲೇ ಬರೆಯಬೇಕು. ಆ ಯಾದಿಯನ್ನು ಹದಿನೈದು ದಿನ ಕಚೇರಿಯ ಹೊರಗೋಡೆಯ ಹಲಗೆಗೆ ಹಚ್ಚಬೇಕು. ಯಾರದಾದರೂ ತಕರಾರು ಇದ್ದರೆ ಅಷ್ಟರೊಳಗೆ ಬರೆದುಕೊಡಬಹುದು.

ಯಾದಿಯಲ್ಲಿ ಮನೆಯ ಯಜಮಾನನ ಹೆಸರು, ಓಣಿ, ಮನೆಯಲ್ಲಿರುವವರ ಹೆಸರು, ವಯಸ್ಸು ಇರುತ್ತಿದ್ದವು. ಕಟ್ಟಕಡೆಗೆ, ಬಲಗಡೆ, ಷರಾ ಎಂಬ ಖಾನೆ. ಬೇರೆಲ್ಲೂ ಹಿಡಿಸದ ಮಾತನ್ನು ಬರೆಯುವ ಜಾಗ ಅದು. ಇವಳು ಗಂಡ ಬಿಟ್ಟವಳು, ಇವನು ಯಜಮಾನನ ಎರಡನೆಯ ಹೆಂಡತಿಯ ಮಗ, ಇವರು ಬಂದು ಆರು ತಿಂಗಳಾಯಿತು, ಹೀಗೆ. ನನಗೆ ಕೆಲಸ ಕಲಿಸಿದ ಹೆಡ್‌ಕ್ಲಾರ್ಕರು ಒಂದು ಪಾಠ ಹೇಳಿದ್ದರು: "ಷರಾ ಖಾಲಿ ಬಿಟ್ರ ಸಂಶಯ ಹುಟ್ಟತದ. ಇದ್ದದ್ದು ಇದ್ದಂಗ ಬರದ್ರ ನಿನ್ನ ನೌಕರಿಗೆ ಯಾರೂ ಕೈ ಹಚ್ಚಂಗಿಲ್ಲ." ನಾನು ಅದನ್ನು ದೇವರ ಮಾತಿನಂತೆ ಹಿಡಿದೆ. ಉಳಿದವರ ಯಾದಿಯಲ್ಲಿ ಷರಾ ಬೋಳು ಬೋಳಾಗಿರುತ್ತಿತ್ತು. ನನ್ನದರಲ್ಲಿ ತುಂಬಿ ತುಳುಕುತ್ತಿತ್ತು.

ಯಾದಿ ಹಚ್ಚುವ ಕೆಲಸ ಕಚೇರಿಯ ಹಿರಿಯ ಜವಾನರದು. ನಾವೆಲ್ಲ ಅವರನ್ನು ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದೆವು; ಅವರು ನನ್ನನ್ನು, ನಮ್ಮ ಕಡೆ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಕರೆಯುವ ಹಾಗೆ, ಬಾಯಿಯವರೆ ಎನ್ನುತ್ತಿದ್ದರು. ಮನೆಯಲ್ಲೇ ಗೋಧಿಹಿಟ್ಟಿನ ಅಂಟು ಕಾಸಿ ಡಬ್ಬಿಯಲ್ಲಿ ತರುತ್ತಿದ್ದರು. ಅವರಿಗೆ ಓದಲು ಬರೆಯಲು ಬರುತ್ತಿರಲಿಲ್ಲ, ಆದರೂ ಹಾಳೆಯನ್ನು ಒಮ್ಮೆಯೂ ತಲೆಕೆಳಗು ಹಚ್ಚಿದವರಲ್ಲ. ಅವರ ಒಂದೇ ಒಂದು ಚಟ ನನಗೆ ಸೇರುತ್ತಿರಲಿಲ್ಲ. ಹಾಳೆಯ ಬಲಗಡೆಯ ಅಂಚನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಮಡಚಿ, ಉಗುರಿನಿಂದ ತೀಡಿ, ಆಮೇಲೆ ಅಂಟು ಸವರುತ್ತಿದ್ದರು. ನನ್ನ ಷರಾ ಪೂರ್ತಿ ಗೋಡೆಯ ಕಡೆ ಮುಖ ಮಾಡಿಕೊಂಡು ಹೋಗುತ್ತಿತ್ತು.

"ಮುತ್ಯಾ, ನಾ ಹಗಲೆಲ್ಲಾ ಬರೆದದ್ದು ಮುಚ್ಚೇ ಹೋಯ್ತಲ್ರಿ" ಎಂದು ಎಷ್ಟು ಸಲ ಜಗಳ ತೆಗೆದಿದ್ದೇನೋ.

"ಹಲಗಿ ಸಣ್ಣದು ಅದರಿ ಬಾಯಿಯವರೆ" ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಮಾತು. ಹಲಗೆ ನಿಜವಾಗಿಯೂ ಸಣ್ಣದಿತ್ತು, ನಾನೂ ನಂಬಿದ್ದೆ.

ಕೋಟೆಯ ಕಡೆ ಹೋಗುವ ರಸ್ತೆಯ ಒಂದು ಓಣಿಯಲ್ಲಿ ಕಡಕ್ ರೊಟ್ಟಿ ಮಾಡಿ ಮಾರುವ ಒಬ್ಬ ಹೆಣ್ಣುಮಗಳಿದ್ದಳು. ಹತ್ತಿರದ ಕೊಹಿನೂರ ಹಳ್ಳಿಯಿಂದ ಮದುವೆಯಾಗಿ ಬಂದವಳು. ಗಂಡ ಬಜಾರದಲ್ಲಿ ತೊಗರಿ ತೂಗುತ್ತಿದ್ದ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಮಾತು ಕಡಿಮೆ, ಇಬ್ಬರೂ ಒಂದೇ ಅಚ್ಚು. ಮಕ್ಕಳಾಗಿರಲಿಲ್ಲ. ಸಂಜೆ ಬಸ್ಸಿಗೆ ಹೋಗುವಾಗ ನಾನು ಅಲ್ಲಿ ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದೆ. ಒಂದು ವರ್ಷ ಆ ಮನೆಯ ಹೊಸ್ತಿಲಲ್ಲಿ ಏಳೆಂಟು ವರ್ಷದ ಹುಡುಗಿಯೊಂದು ಕಾಣಿಸಿಕೊಂಡಿತು. ಕೇಳಿದ್ದಕ್ಕೆ ಆಕೆ, "ನಮ್ಮಾಕಿನೇ ರೀ" ಎಂದಷ್ಟೇ ಹೇಳಿದಳು.

ಆ ಹುಡುಗಿಗೆ ಓದುವ ಹುಚ್ಚು. ರೊಟ್ಟಿ ಸುತ್ತಿದ ಹಳೆಯ ಪೇಪರು, ಬಸ್ಸಿನ ಬೋರ್ಡು, ಸುಣ್ಣದ ಗೋಡೆಯ ಮೇಲಿನ ಜಾಹೀರಾತು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿತ್ತು. ಒಂದು ದಿನ ನನ್ನ ಕೈಯಲ್ಲಿದ್ದ ಫೈಲಿನ ಮೇಲಿನ ಅಕ್ಷರ ನೋಡಿ, "ಬಾಯಿ, ಇದು ನೀವು ಬರದೀರೇನ್ರಿ? ಛಾಪಿಸಿದಂಗ ಅದ" ಎಂದಿತು. ನಾನು ಅಲ್ಲೇ ಕರಗಿ ನೀರಾದೆ. ಮರುದಿನದಿಂದ ನನ್ನ ಹಾಗೆ ಬಾಲವನ್ನು ಎರಡು ಸುತ್ತು ಸುತ್ತಿ 'ಳ' ಬರೆಯುವುದನ್ನು ಕಲಿಸತೊಡಗಿದೆ. ಬಸ್ಸು ತಪ್ಪಿದರೂ ಚಿಂತೆಯಿರಲಿಲ್ಲ.

ಪರಿಷ್ಕರಣೆ ಬಂದಾಗ ಆಕೆ ಕಚೇರಿಗೆ ಬಂದಳು. ನನ್ನ ಮೇಜಿನ ಹತ್ತಿರ ಬಂದು ಅತ್ತ ಇತ್ತ ನೋಡಿ, ಕುಪ್ಪಸದೊಳಗಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗೆ ಸರ್ಕಾರದ ಆದೇಶ. ಈ ಮಗು ಈ ದಂಪತಿಗಳ ಸಾಕುಮನೆಯಲ್ಲಿ ಇರತಕ್ಕದ್ದು ಎಂದು ಅದರಲ್ಲಿತ್ತು. ಆಗ ಆಕೆ ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಹುಡುಗಿಯ ತಾಯಿ ಬಜಾರದಲ್ಲಿ ತೊಗರಿ ಹಸನು ಮಾಡಲು ಬರುತ್ತಿದ್ದ ವಿಧವೆ. ಜಡ್ಡಾಗಿ ತೀರಿಕೊಳ್ಳುವ ಮೊದಲು ಮಗಳನ್ನು ಇವರ ಕೈಗಿಟ್ಟಳು. ಊರಲ್ಲಿ ಹುಡುಗಿಯ ಅಪ್ಪನ ಪಾಲಿನ ಹೊಲವಿದೆ. ಅಪ್ಪನ ತಮ್ಮ ಅದಕ್ಕಾಗಿ, ಹುಡುಗಿ ಇನ್ನೊಂದೆರಡು ವರ್ಷ ಬೆಳೆದರೆ ಸಾಕು, ತನ್ನ ಹೆಂಡತಿಯ ತಮ್ಮನಿಗೆ ಕಟ್ಟಲು ಕಾದಿದ್ದಾನೆ. ಆ ಭಾವಮೈದುನನಿಗೆ ಆಗಲೇ ಮೀಸೆ ಬಂದು ಹಳೆಯದಾಗಿದೆ.

"ಎಲ್ಲಿ ಅದಾಳ ಅಂತ ಅವ್ರಿಗಿ ಗೊತ್ತಿಲ್ರಿ. ಇದನ್ನ ಕೊಟ್ಟ ಸಾಹೇಬ್ರು ಈ ಕಾಗದಾ ಯಾರಿಗೂ ತೋರಸಬ್ಯಾಡ್ರಿ ಅಂದಾರ. ಆದ್ರ ಚೀಟಿದಾಗ ಹೆಸರು ಇಲ್ದಿದ್ರ ಸಾಲ್ಯಾಗ ಕೇಳಾಕತ್ತಾರ. ಬರೇ ಮಗಳು ಅಂತ ಬರಕೋರಿ ಬಾಯಿಯವರೆ. ಇಲ್ಲಂದ್ರ ಹೆಸರು ಒಂದ ಬರೀರಿ, ಮುಂದ ಏನೂ ಬ್ಯಾಡ್ರಿ."

ನಾನು ಏನು ಹೇಳಿದೆ? ಈಗಲೂ ಅಕ್ಷರ ಅಕ್ಷರ ನೆನಪಿದೆ. "ಸರ್ಕಾರಿ ಕಾಗದದಾಗ ಸುಳ್ಳು ಬರಿಯಾಕ ಬರಂಗಿಲ್ಲವ್ವ" ಎಂದೆ. ಆಕೆ ಆದೇಶವನ್ನು ಮತ್ತೆ ಚೀಲದೊಳಗೆ ಮಡಚಿಟ್ಟಳು. ನಾನು ಸಮಾಧಾನಕ್ಕೆ, "ಫಿಕರ್ ಮಾಡಬ್ಯಾಡ, ಖರೇ ಬರದ್ರ ನಿಮಗೇ ಬಲ" ಎಂದು ಸೇರಿಸಿದೆ. ಹೆಸರು ಒಂದನ್ನೇ ಬರೆದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ, ಏನೂ ಆಗುತ್ತಿರಲಿಲ್ಲ. ಅದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆದರೂ ಷರಾ ಖಾಲಿ ಬಿಡುವುದು ನನ್ನಿಂದ ಆಗುತ್ತಿರಲಿಲ್ಲವೇನೋ. ಬರೆದೆ: ಸಾಕುಮಗಳು, ಮೂಲ ಊರು ಇಂಥದ್ದು, ಮೃತ ತಂದೆ ಇಂಥವರು, ಆದೇಶದ ಮೇರೆಗೆ ಈ ಮನೆಯಲ್ಲಿ ವಾಸ. ಒಂದು ಕಾಟು ಇಲ್ಲ, ಒಂದು ಚಿತ್ತಿಲ್ಲ. ಬರೆದಾದ ಮೇಲೆ ಹಾಳೆಯನ್ನು ದೂರ ಹಿಡಿದು ನೋಡಿ ಖುಷಿಪಟ್ಟೆ.

ಆ ಸಲ ಯಾದಿ ಹಚ್ಚುವ ವಾರ ಮುತ್ಯಾ ಇರಲಿಲ್ಲ. ಮೊಮ್ಮಗಳ ಮದುವೆಗೆಂದು ರಜೆ ಹಾಕಿ ಬೇಮಳಖೇಡಕ್ಕೆ ಹೋಗಿದ್ದರು. ನನಗೆ ಒಳಗೊಳಗೇ ಸಂತೋಷವೇ ಆಯಿತು. ಒಳಗಿನಿಂದ ಇನ್ನೊಂದು ಹಲಗೆ ತರಿಸಿ ಮೊದಲಿನದರ ಪಕ್ಕಕ್ಕೆ ಜೋಡಿಸಿದೆ. ಅಂಟನ್ನು ನಾನೇ ಸವರಿದೆ. ಹಾಳೆಗಳನ್ನು ಅಂಗೈಯಿಂದ ತೀಡಿ ತೀಡಿ, ಒಂದು ಮಡಿಕೆಯೂ ಇಲ್ಲದಂತೆ ಹಚ್ಚಿದೆ. ಮೊದಲ ಸಲ ನನ್ನ ಅಕ್ಷರ ಪೂರ್ತಿಯಾಗಿ ಬೆಳಕು ಕಂಡಿತ್ತು. ರಸ್ತೆಯಲ್ಲಿ ನಿಂತು ನೋಡಿದೆ. ಹೋಗುವವರು ಬರುವವರು ನಿಂತು ಓದುತ್ತಿದ್ದರು. ಎಂದೂ ಅಷ್ಟು ಹೊತ್ತು ಓದಿದವರಲ್ಲ. ನನ್ನ ಕೈಬರಹದ ಮಹಿಮೆ ಎಂದುಕೊಂಡೆ.

ಹನ್ನೊಂದನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಒಬ್ಬ ಬಂದ. ಧೋತರ, ಬಿಳಿ ಟೊಪ್ಪಿಗೆ, ಎರಡೂ ಕೈ ಜೋಡಿಸಿದ ನಮಸ್ಕಾರ. ತಕರಾರು ಕೊಡುವವರು ಸಾಧಾರಣವಾಗಿ ಸಿಟ್ಟಿನಿಂದ ಬರುತ್ತಾರೆ. ಇವನು ನಗುನಗುತ್ತಾ ಬಂದಿದ್ದ.

"ನಿಮ್ಮ ಉಪಕಾರ ಮರಿಯಂಗಿಲ್ರಿ ಬಾಯಿಯವರೆ. ಎರಡು ವರ್ಷದಿಂದ ಹುಡುಕಾಕತ್ತೀವಿ. ನಮ್ಮ ಊರಾಂವ ಒಬ್ಬ ಬಜಾರಕ್ಕ ಬಂದಾಂವ ಗೋಡಿ ಮ್ಯಾಲ ಓದಿ ಹೇಳ್ದ. ನಮ್ಮ ಅಣ್ಣನ ಮಗಳ್ರಿ ಆಕಿ."

ಅವನ ಕೈಯಲ್ಲಿ ಬರೆಸಿ ತಂದ ಅರ್ಜಿ ಇತ್ತು. ಈ ಹುಡುಗಿ ನಮ್ಮ ಮನೆಯವಳು, ಇವರ ಚೀಟಿಯಿಂದ ಹೆಸರು ತೆಗೆಯಬೇಕು, ಇದು ನಮ್ಮ ತಕರಾರು. ಎರಡು ಸಲ ಓದಿದೆ. ಯಾದಿ ಹಚ್ಚುವುದೇ ತಕರಾರು ಬರಲಿ ಎಂದು. ಬಂದಿತ್ತು.

ಆಗ ನಾನು ಏನಾದರೂ ಮಾಡಬಹುದಿತ್ತು. ಸಾಹೇಬರು ಇಲ್ಲ, ನಾಲ್ಕು ದಿನ ಬಿಟ್ಟು ಬಾ ಎನ್ನಬಹುದಿತ್ತು. ಅರ್ಜಿಯಲ್ಲಿ ತಪ್ಪಿದೆ, ಮತ್ತೊಮ್ಮೆ ಬರೆಸು ಎನ್ನಬಹುದಿತ್ತು. ಸುಮ್ಮನೆ ಬಂದವರನ್ನು ಹಾಗೆ ನೂರು ಸಲ ತಿರುಗಾಡಿಸಿದ ಕಚೇರಿ ನಮ್ಮದು. ತಿರುಗಾಡಿಸಬೇಕಾದವನನ್ನು ಮಾತ್ರ ನಾನು ಕೂಡಿಸಿ, ನೀರು ಕೊಟ್ಟು, ಅರ್ಜಿ ತೆಗೆದುಕೊಂಡೆ. ನಂಬರು ಹಾಕಿದೆ, ಮುದ್ರೆ ಒತ್ತಿದೆ. ಅರ್ಜಿ ಮುಟ್ಟಿದೆ ಎಂದು ಅದೇ ಚಂದದ ಅಕ್ಷರದಲ್ಲಿ ಚೀಟಿಯನ್ನೂ ಬರೆದುಕೊಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು, "ನಾಳಿಗಿ ಊರ ಹಿರೇರನ್ನ ಕರಕೊಂಡು ಆ ಮನಿಗಿ ಹೋಗ್ತೀವ್ರಿ" ಎಂದು ಹೊರಟ.

ಅವನು ಬಾಗಿಲು ದಾಟುವಾಗ ಮುತ್ಯಾ ಒಳಗೆ ಬಂದರು. ರಜೆ ಮುಗಿಸಿ, ಕೈಯಲ್ಲಿ ಮದುವೆಯ ಬುಂದಿಯ ಪುಡಿಕೆ ಹಿಡಿದು. ಪುಡಿಕೆಯನ್ನು ನನ್ನ ಮೇಜಿನ ಮೇಲೆ ಇಟ್ಟವರು ಹಾಗೇ ನಿಂತರು.

"ಹೊರಗ ಹಲಗಿ ಎರಡು ಆಗ್ಯಾವ. ಮಡಚಿಲ್ಲೇನ್ರಿ?"

ಕೈಯಲ್ಲಿದ್ದ ಅರ್ಜಿಯಲ್ಲಿ ಏನಿದೆ ಎಂದು ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು.

"ನಾ ಹೊಸದಾಗಿ ಸೇರಿದಾಗ ಒಮ್ಮಿ ಪೂರಾ ಹಚ್ಚಿದ್ದೆ" ಎಂದರು. "ಗಂಡ ಬಿಟ್ಟಾಕಿ ಒಬ್ಬಾಕಿದು ಆ ಕಡೀ ಖಾನೆದಾಗ ಏನೋ ಬರದಿದ್ರು. ನನಗ ಓದಾಕ ಬರಂಗಿಲ್ಲ. ಆದ್ರ ಅದರ ಮುಂದ ನಿಂತು ಮಂದಿ ನಗೋದು ಕಾಣ್ತಿತ್ತು. ಆಕಿ ಸೆರಗು ಮುಚ್ಕೊಂಡು ಹೋಗೋದೂ ಕಾಣ್ತಿತ್ತು. ಅವತ್ತಿಂದ ಮಡಚಾಕತ್ತೇನಿ. ಅದು ಸರ್ಕಾರಕ್ಕ ಬೇಕು, ಓಣಿಗ್ಯಾಕ ಬೇಕ್ರಿ?"

"ಮತ್ತ ನನಗ್ಯಾಕ ಹೇಳಲಿಲ್ಲ ಮುತ್ಯಾ?"

"ನೀವು ಓದಿದವ್ರು. ತಿಳಿದಿರ್ತದ ಅನ್ಕೊಂಡೆ."

ಅಷ್ಟು ಹೇಳಿ ಟೊಪ್ಪಿಗೆ ಸರಿಮಾಡಿಕೊಂಡು ಹೊರಟೇಬಿಟ್ಟರು. ಅವರ ವಯಸ್ಸಿನವರು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ. ಕೋಟೆಯ ದಾರಿ ಹಿಡಿದರು. ನಾನೂ ಹೋಗಬೇಕಿತ್ತು. ಕಚೇರಿಯ ಸಮಯ ಮುಗಿದಿಲ್ಲ ಎಂಬ ನೆಪ ಮಾಡಿಕೊಂಡು ಕುರ್ಚಿಯಲ್ಲೇ ಕೂತೆ. ನಿಜ ಹೇಳಬೇಕೆಂದರೆ ಆಕೆಯ ಮುಖ ನೋಡುವ ಧೈರ್ಯ ಇರಲಿಲ್ಲ. ಅಲ್ಲೇ ಉಳಿದು ಮಾಡಿದ ಕೆಲಸವೆಂದರೆ, ಹೊರಗೆ ಹೋಗಿ ಆ ಹಾಳೆಯ ಅಂಚನ್ನು ಉಗುರಿನಿಂದ ಕೆರೆದು ಕಿತ್ತದ್ದು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಮಾತನ್ನು ನನ್ನಂಥವಳನ್ನು ನೋಡಿಯೇ ಮಾಡಿರಬೇಕು.

ಕಚೇರಿ ಬಿಟ್ಟ ಮೇಲೆ ಹೋದೆ. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಬಾಗಿಲಿಗೆ ಬೀಗ. ಕಟ್ಟೆಯ ಮೇಲೆ ರೊಟ್ಟಿಯ ಬುಟ್ಟಿ ಬೋರಲು ಬಿದ್ದಿತ್ತು, ಹಂಚು ಹೊರಗಿನ ಒಲೆಯ ಮೇಲೇ ಇತ್ತು. ಎದುರು ಮನೆಯ ಹೆಂಗಸು ಹೊರಗೆ ಬಂದಳು.

"ಯಾರು ಬೇಕ್ರಿ?"

"ರೊಟ್ಟಿ ಒಯ್ಯಾಕ ಬಂದಿದ್ದೆ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಗೋಡಿ ಮ್ಯಾಲ ಬರಿಯೋ ಬಾಯಿ ನೀವೇ ಏನ್ರಿ?" ಎಂದಳು. ಹೌದೆಂದೆ. ಬಾಗಿಲು ಹಾಕಿಕೊಂಡಳು.

ಮರುದಿನ ಹಿರಿಯರು ಬಂದರು, ಬೀಗ ನೋಡಿದರು, ಕಚೇರಿಗೆ ಬಂದು ಕೂಗಾಡಿ ಹೋದರು. ಹುಡುಗಿ ಅವರ ಕೈಗೆ ಸಿಗಲಿಲ್ಲ. ಅಷ್ಟು ಪುಣ್ಯ ಮುಂಚೆಯೇ ಹೋಗಿ ಅವರನ್ನು ಎಚ್ಚರಿಸಿದ ಮುತ್ಯಾನದು. ಉಳಿದ ಪಾಪದ ಲೆಕ್ಕ ನನ್ನದು. ಆಕೆಯ ಗಂಡ ಚಿಕ್ಕಂದಿನಿಂದ ಹಿಡಿದಿದ್ದ ತಕ್ಕಡಿ ಬಿಟ್ಟ. ಆ ಹೆಂಗಸು ಕೂಡಿಸಿಕೊಂಡಿದ್ದ ಗಿರಾಕಿಗಳನ್ನು ಬಿಟ್ಟಳು. ಹುಡುಗಿ ಶಾಲೆಯ ವರ್ಷದ ನಡುವೆ, ಯಾವ ದಾಖಲೆಯನ್ನೂ ತೆಗೆದುಕೊಳ್ಳದೆ ಹೋದಳು. ದಾಖಲೆ ಕೇಳಿದ್ದರೆ ಹೋಗುವ ಊರು ಹೇಳಬೇಕಾಗುತ್ತಿತ್ತು. ಸರ್ಕಾರ ಕೊಟ್ಟ ಆದೇಶ ಅವರ ಕೈಯಲ್ಲೇ ಇತ್ತು, ಆದರೆ ಊರ ಮಂದಿ ಬಾಗಿಲು ಬಡಿಯುವಾಗ ಕಾಗದ ಎದ್ದು ಅಡ್ಡ ನಿಲ್ಲುತ್ತದೆಯೇ? ಅವರ ಬಲ ಇದ್ದದ್ದು ಯಾರಿಗೂ ಗೊತ್ತಿಲ್ಲ ಎಂಬುದರಲ್ಲಿ. ಅದನ್ನು ಕಾಯಬೇಕಾದವಳು ನಾನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವ ಕೆಲಸವೂ ನನಗೇ ಬಂತು. ಷರಾದಲ್ಲಿ ಏನು ಬರೆಯಲಿ ಎಂದು ಹೆಡ್‌ಕ್ಲಾರ್ಕರನ್ನು ಕೇಳಲಿಲ್ಲ. ಖಾಲಿ ಬಿಟ್ಟೆ.

ಮುತ್ಯಾ ನಿವೃತ್ತರಾದ ಮೇಲೆ ಯಾದಿ ಹಚ್ಚುವುದನ್ನು ನಾನೇ ಬೇಡಿ ತೆಗೆದುಕೊಂಡೆ. ಗುಮಾಸ್ತೆ ಜವಾನರ ಕೆಲಸ ಮಾಡುತ್ತಾಳೆಂದು ನಗಾಡಿದರು, ನಗಲಿ ಎಂದೆ. ನಾಲ್ಕು ಬೆರಳು ಅಳೆದು ಮಡಚುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಕಂಪ್ಯೂಟರು ಬಂತು. ಯಾದಿ ಅಚ್ಚಾಗಿ ಬರತೊಡಗಿತು, ಷರಾ ನಟ್ಟನಡುವೆ. ನಡುವಿನ ಖಾನೆಯನ್ನು ಮಡಚುವುದು ಹೇಗೆ? ಆಗಿದ್ದ ಸಾಹೇಬರಿಗೆ ಹೇಳಿದೆ: ಸಾಕುಮನೆಗಳ ವಿಷಯ ಕಚೇರಿಯ ಪುಸ್ತಕದಲ್ಲಿರಲಿ, ಗೋಡೆಯ ಮೇಲೆ ಬೇಡ. ಅವರು ನಕ್ಕರು. "ಬಾಯಿಯವರೆ, ಈಗ ಎಲ್ಲಾ ಪಾರದರ್ಶಕ ಇರಬೇಕು" ಎಂದರು. ಪಾರದರ್ಶಕ ಇರಬೇಕಾದದ್ದು ಕಚೇರಿ, ಮಂದಿಯ ಮನೆಯಲ್ಲ ಎಂಬ ಉತ್ತರ ನನಗೆ ಹೊಳೆದದ್ದು ಸಂಜೆ ಬಸ್ಸು ರಾಜೇಶ್ವರ ದಾಟಿದ ಮೇಲೆ. ಹೊತ್ತು ಮೀರಿ ಹೊಳೆಯುವುದು ನನ್ನ ಹುಟ್ಟುಗುಣ.

ಅದಾಗಿ ಒಂದೆರಡು ವರ್ಷಕ್ಕೆ, ಒಂದು ಶನಿವಾರ, ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕಲ್ಯಾಣದ ಬಸ್ಸು ಇಳಿದೆ. ಕಲ್ಲು ಬೆಂಚಿನ ಮೇಲೆ ಆಕೆ ಕೂತಿದ್ದಳು. ಕೂದಲು ಬೆಳ್ಳಗಾಗಿದ್ದರೂ ರೊಟ್ಟಿ ಬಡಿದು ಬಡಿದು ಅಗಲವಾದ ಆ ಕೈಗಳನ್ನು ನೋಡಿದೊಡನೆ ಗುರುತು ಸಿಕ್ಕಿತು. ಒಂದು ಸಾಮಾನಿನ ಚೀಟಿ ಹಿಡಿದು, ಚೀಲದಲ್ಲಿ ಕೈಯಾಡಿಸಿ, ಎಲ್ಲ ತೆಗೆದುಕೊಂಡೆನೋ ಇಲ್ಲವೋ ಎಂದು ನೋಡುತ್ತಿದ್ದಳು. ನಾನು ಎದುರಿಗೆ ನಿಂತೆ. ಆಕೆ ತಲೆಯೆತ್ತಿ ನೋಡಿ, ಮೊದಲು ಆ ಚೀಟಿಯನ್ನು ಮಡಚಿದಳು. ಮಡಚುವ ಮೊದಲು ನನಗೆ ಒಂದೇ ಒಂದು ಸಾಲು ಕಂಡಿತು. ಎಳ್ಳು ಎಂದಿತ್ತು. 'ಳ'ದ ಬಾಲ ಎರಡು ಸುತ್ತು ಸುತ್ತಿತ್ತು.

"ಆರಾಮ ಇದ್ದೀರಿ ಬಾಯಿಯವರೆ?" ಎಂದಳು. ಮಾತಿನಲ್ಲಿ ಕಹಿ ಇರಲಿಲ್ಲ. ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ತಪ್ಪಾಯ್ತವ್ವ" ಎಂದೆ. ಎಷ್ಟೋ ವರ್ಷ ಕೂಡಿಟ್ಟ ಮಾತುಗಳಲ್ಲಿ ಹೊರಗೆ ಬಂದದ್ದು ಅದೊಂದೇ.

"ಇರ್ಲಿ ಬಿಡ್ರಿ. ನೀವೇನು ಬೇಕಂತ ಮಾಡಿದ್ರೇನು."

"ಹುಡುಗಿ?"

"ಅದಾಳ್ರಿ. ಛಲೋ ಅದಾಳ. ಸಾಲಿ ಎರಡು ವರ್ಷ ಹಿಂದ ಬಿತ್ತು. ಆದ್ರೂ ಓದಾಕತ್ತಾಳ."

ನನ್ನ ಕಣ್ಣು ತುಂಬಿತು. ಅದೇ ಭರದಲ್ಲಿ ಕೇಳಬಾರದ್ದನ್ನು ಕೇಳಿಬಿಟ್ಟೆ: "ಈಗ ಎಲ್ಲಿದ್ದೀರವ್ವ?"

ಆಕೆ ನನ್ನ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಚೀಲದಿಂದ ನಾಲ್ಕು ಕಡಕ್ ರೊಟ್ಟಿ ತೆಗೆದು ಪೇಪರಿನಲ್ಲಿ ಸುತ್ತಿ ನನ್ನ ಮಡಿಲಲ್ಲಿ ಇಟ್ಟಳು. ಆಮೇಲೆ ಇಬ್ಬರೂ ಬಸ್ಸುಗಳನ್ನು ನೋಡುತ್ತಾ ಕೂತೆವು.

ಬೀದರದ ಬಸ್ಸು ಬಂತು, ಹೋಯಿತು. ಆಕೆ ಏಳಲಿಲ್ಲ. ಕಲಬುರ್ಗಿಯದು ಬಂದು ಬಹಳ ಹೊತ್ತು ನಿಂತಿತು. ಕಂಡಕ್ಟರ್ ಕೂಗಿ ಕೂಗಿ ಸುಸ್ತಾದ. ಏಳಲಿಲ್ಲ. ಸೊಲ್ಲಾಪುರದ ಕಡೆಯದೊಂದು, ಹೈದರಾಬಾದಿನ ಕಡೆಯದೊಂದು. ಚೀಲದ ಹಿಡಿಕೆ ಆಕೆಯ ಕೈಯಲ್ಲಿ ಬಿಗಿಯಾಗಿಯೇ ಇತ್ತು. ಯಾವ ಬಸ್ಸು ನಿಮ್ಮದು ಎಂದು ಕೇಳಲು ಬಾಯಿ ತೆರೆದವಳು ಸುಮ್ಮನಾದೆ. ಆಕೆಯ ಬಸ್ಸು ಅವುಗಳಲ್ಲೇ ಯಾವುದೋ ಒಂದಾಗಿತ್ತು. ಆಕೆ ಕಾಯುತ್ತಿದ್ದದ್ದು ಬಸ್ಸಿಗಲ್ಲ, ನಾನು ಎದ್ದು ಹೋಗುವುದಕ್ಕೆ.

ರೊಟ್ಟಿಯ ಪುಡಿಕೆ ಎತ್ತಿಕೊಂಡು ಎದ್ದೆ. ನಿಲ್ದಾಣದ ಬಾಗಿಲು ದಾಟಿ ಮನೆಯ ದಾರಿ ಹಿಡಿಯುವವರೆಗೂ ಹಿಂದಿರುಗಿ ನೋಡಲಿಲ್ಲ.